ಅಂಗಿ ಬಿಚ್ಚಿದ ಅಳಿಯ

ನನ್ನ ಮಗಳು ಹುಟ್ಟಿದಾಗ ಮನೆಯವರೆಲ್ಲ ಅವಳನ್ನು ಹೊಗಳಿದ್ದು ಅವಳು ಅಳುವುದಿಲ್ಲವೆಂದು. ಚೊಚ್ಚಲ ಬಾಣಂತನಕ್ಕೆ ಹೆಂಡತಿ ಸೋಸಲೆಯ ತವರಿನಲ್ಲಿದ್ದಳು. ನಂಜನಗೂಡಿನಿಂದ ಅಮ್ಮನನ್ನು ಕರೆದುಕೊಂಡು ಹೋಗಿ ನೋಡಿದರೆ, ಮಗು ಹಾಲಿಗೂ ಬಾಯಿ ಹಾಕದೆ ಸುಮ್ಮನೆ ಮಲಗಿತ್ತು. ಎಂಥ ಗುಣವಂತೆ, ನಮ್ಮ ಮನೆತನದ ಗುಣ ಎಂದರು ಅಮ್ಮ. ಇಲ್ಲ, ನಮ್ಮ ಮನೆತನದ್ದು ಎಂದು ಅತ್ತೆ ಅಡ್ಡ ಬಂದರು. ಈ ಜಗಳ ಕಾಫಿ ಆರುವವರೆಗೂ ನಡೆಯಿತು. ಅಷ್ಟರಲ್ಲಿ ಹೆಂಡತಿ, ಮಗುವಿನ ಮೈ ತಣ್ಣಗಾಗಿದೆ, ಎಬ್ಬಿಸಿದರೂ ಏಳುತ್ತಿಲ್ಲ ಎಂದು ಕಿರುಚಿಕೊಂಡಳು.

ಟಿ. ನರಸೀಪುರದ ಆಸ್ಪತ್ರೆಯವರು ನೋಡಿದ ಕೂಡಲೇ ಆಂಬುಲೆನ್ಸ್ ಹತ್ತಿಸಿ ಮೈಸೂರಿಗೆ ಕಳಿಸಿದರು. ಅಲ್ಲಿನ ಐಸಿಯುವಿನ ಡಾಕ್ಟರಮ್ಮ ಬಿಡಿಸಿ ಹೇಳಿದರು: ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿದೆ, ಇಷ್ಟು ಎಳೆಯ ಮಕ್ಕಳಿಗೆ ಜ್ವರವೇ ಬರಬೇಕೆಂದಿಲ್ಲ, ಹೀಗೆ ಸಪ್ಪಗೆ ಮಲಗಿಬಿಡುವುದೂ ಅದರ ಲಕ್ಷಣವೇ. ಅಮ್ಮ ಅತ್ತೆ ಮುಖ ಮುಖ ನೋಡಿಕೊಂಡರು. ಅಂದಿನಿಂದ ಆ ಗುಣ ನಿಮ್ಮ ಕಡೆಯದೇ ಇರಬೇಕು ಎಂದು ಒಬ್ಬರಿಗೊಬ್ಬರು ಧಾರಾಳವಾಗಿ ಬಿಟ್ಟುಕೊಡತೊಡಗಿದರು.

ಆಂಟಿಬಯಾಟಿಕ್ ಶುರುವಾಯಿತು. ಉಸಿರಾಟ ಹದಕ್ಕೆ ಬಂತು, ಮೈಗೆ ಮಾತ್ರ ಕಸುವು ಬರಲಿಲ್ಲ. ಅಂಗೈಗೆ ಬೆರಳಿಟ್ಟರೆ ಮಗು ಹಿಡಿಯುತ್ತಿರಲಿಲ್ಲ. ಡಾಕ್ಟರಮ್ಮ ದಿನವೂ ಬೆರಳಿಟ್ಟು ನೋಡಿ, ಇನ್ನೂ ಹಿಡಿತ ಬಂದಿಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ನರ್ಸ್ ಬಂದು, ಮಗು ಮೈಗೆ ಮೈ ತಾಗಿಸಿಕೊಂಡು ಮಲಗಬೇಕು, ತಾಯಿಗೆ ಜ್ವರ ಇರುವುದರಿಂದ ತಂದೆಯೇ ಎದೆ ಮೇಲೆ ಹಾಕಿಕೊಳ್ಳಲಿ, ಅಂಗಿ ಬಿಚ್ಚಿ ಎಂದರು.

ನಾನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಎದೆ ಸೆಟೆಸಿ ನಿಂತ್ಕೊಳ್ರೋ ಎಂದು ಹುಡುಗರಿಗೆ ಅರಚುವುದೇ ನನ್ನ ಕಸುಬು. ಆದರೆ ಬಾಗಿಲ ಗಾಜಿನಾಚೆ ಅತ್ತೆ ನಿಂತಿದ್ದರು. ಅವರೆದುರು ನಾನು ಬನಿಯನ್ನಿನಲ್ಲೂ ಓಡಾಡಿದವನಲ್ಲ. ಸೋಸಲೆಗೆ ಹೋದರೆ ಒದ್ದೆ ಮೈಮೇಲೇ ಅಂಗಿ ತೊಟ್ಟು ಬಚ್ಚಲಿನಿಂದ ಹೊರಬರುವ ಮರ್ಯಾದಸ್ಥ ಅಳಿಯ. ಮೊದಲ ಗುಂಡಿಗೆ ಕೈ ಹಾಕಿದ್ದೇ ತಡ, ಅತ್ತೆ ತಲೆ ಮೇಲೆ ಸೆರಗೆಳೆದುಕೊಂಡು ಗೋಡೆಗೆ ಮುಖ ಮಾಡಿದರು. ಕಪಿಲೆಯಲ್ಲಿ ಊರವರೆದುರೇ ಮೀಯುವವನಿಗೆ ಇಲ್ಲೇನು ನಾಚಿಕೆ ಎಂದು ಅಮ್ಮ ಬಾಗಿಲ ಸಂದಿಯಿಂದ ಬೈದರು.

ನರ್ಸ್ ನನ್ನಿಂದ ಮೊಣಕೈವರೆಗೆ ಕೈ ತೊಳೆಸಿ, ಎದೆ ಒರೆಸಿಸಿ, ಕುರ್ಚಿಗೆ ಒರಗಿಸಿ, ವೈರುಗಳ ಸಮೇತ ಮಗುವನ್ನು ಮಲಗಿಸಿದರು. ಕರಡಿಯ ಮೇಲೆ ಗುಬ್ಬಿ ಕೂತ ಹಾಗಿತ್ತು. ನನಗೋ ಮೊದಲೇ ಕಚಗುಳಿ ಜಾಸ್ತಿ. ಮಗಳ ಉಸಿರು ತಾಗಿದಾಗೆಲ್ಲ ನಗು ಉಕ್ಕುತ್ತಿತ್ತು. ಅಲುಗಾಡಿದರೆ ನರ್ಸ್ ಕಣ್ಣು ಬಿಡುತ್ತಿದ್ದರು. ದೇವರೇ ಇವಳನ್ನು ಉಳಿಸಪ್ಪ ಎಂದು ಬೇಡಲು ಹೊರಟವನು, ನಡುವೆ ಈ ಕಚಗುಳಿಯನ್ನೂ ನಿಲ್ಲಿಸಪ್ಪ ಎಂದು ಸೇರಿಸಿದೆ.

ಇದ್ದಕ್ಕಿದ್ದಂತೆ ಎದೆ ಚುರ್ ಎಂದಿತು. ಅಯ್ಯೋ ಎಂದು ಬಗ್ಗಿ ನೋಡಿದೆ. ಮಗಳು ನನ್ನ ಎದೆಗೂದಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಜಗ್ಗುತ್ತಿದ್ದಳು. ನರ್ಸ್ ಬಿಡಿಸಲು ಓಡಿ ಬಂದರು.

"ಬ್ಯಾಡ ಸಿಸ್ಟರ್, ಬಿಡಿಸ್ಬ್ಯಾಡಿ," ಎಂದೆ. "ಎಷ್ಟು ಬೇಕೋ ಅಷ್ಟು ಕಿತ್ಕೊಳ್ಳಲಿ."

ನನ್ನ ಕೂಗಿಗೆ ಅತ್ತೆ ಗಾಬರಿಯಿಂದ ಇತ್ತ ತಿರುಗಿದ್ದರು. ಮೂಗು ಚಪ್ಪಟೆಯಾಗುವ ಹಾಗೆ ಗಾಜಿಗೆ ಮುಖ ಒತ್ತಿ, ಅಮ್ಮನ ರಟ್ಟೆ ಹಿಡಿದು ಅಲುಗಾಡಿಸಿದರು.

"ಇಡ್ಕಂಡದೆ ಕಣಕ್ಕ. ನಮ್ಮ ಕೂಸು ಇಡ್ಕಂಡದೆ."

ಸೆರಗು ಭುಜಕ್ಕೆ ಜಾರಿತ್ತು. ಅಳಿಯನ ಬರಿ ಮೈಯನ್ನೇ ನೆಟ್ಟ ಕಣ್ಣಿಂದ ನೋಡುತ್ತ ಅವರು ಅಳುತ್ತಿದ್ದರು, ನಾನೂ ಅಳುತ್ತಿದ್ದೆ.