ದೋಣಿಗೆ ತಕ್ಕ ಜನರೇಟರ್

ಸಕಲೇಶಪುರದಲ್ಲಿ ನಾನು ಜನರೇಟರ್ ಮಾರುತ್ತಿದ್ದಾಗ ಗಿರಾಕಿಗಳೆಲ್ಲ ಎಸ್ಟೇಟಿನವರೇ. ದೋಣಿಗೆ ಜನರೇಟರ್ ಬೇಕು ಅಂತ ಬಂದವನು ಆಲೂರು ಕಡೆಯ ದ್ಯಾವಣ್ಣ ಒಬ್ಬನೇ. ಹೆಂಡತಿ ಜಯಕ್ಕನ ಜೊತೆ ಹೇಮಾವತಿ ಹಿನ್ನೀರಿನಲ್ಲಿ ಮೀನು ಹಿಡಿಯುವವನು.

“ಏನೇನು ಓಡಿಸ್ಬೇಕು?” ಅಂದೆ.

“ಒಂದು ಬಲ್ಬು, ಒಂದು ಟೇಪ್ ರೆಕಾರ್ಡರು,” ಅಂದ ದ್ಯಾವಣ್ಣ.

“ಮಿಕ್ಸಿ,” ಅಂದಳು ಜಯಕ್ಕ. “ದಿನವೆಲ್ಲ ದೋಣಿಲೇ ಇರ್ತೀವಿ ಕಣ್ರೀ. ಮಸಾಲೆ ಅಲ್ಲೇ ಅರೀಬೇಕು.”

ಮಿಕ್ಸಿ ಅಂದಮೇಲೆ ಚಿಕ್ಕದು ಸಾಲದು. ದೊಡ್ಡದನ್ನೇ ಜೀಪಿನಲ್ಲಿ ಹೊತ್ತೊಯ್ದು ದಡಕ್ಕೆ ಕಟ್ಟಿ ನೀರಲ್ಲಿ ನಿಲ್ಲಿಸಿದ್ದ ದೋಣಿಯ ಒಂದು ತುದಿಯಲ್ಲಿಟ್ಟೆ. ಪಕ್ಕದಲ್ಲಿ ನಾನೂ ಕೂತೆ. ಆ ತುದಿ ನೀರಿನ ಮಟ್ಟಕ್ಕೆ ಇಳಿದುಬಿಟ್ಟಿತು.

“ಭಾರ ಜಾಸ್ತಿ ಆಯ್ತು ಸಾರ್, ಬ್ಯಾಡ,” ಅಂದ ದ್ಯಾವಣ್ಣ. ದೋಣಿಗಿಂತ ಮೊದಲು ನನ್ನ ವ್ಯಾಪಾರವೇ ಮುಳುಗುತ್ತಿತ್ತು.

“ಥೂ, ಪೂಜೆ ಮಾಡ್ದೆ ಯಾರಾದ್ರೂ ಬ್ಯಾಡ ಅಂತಾರಾ?” ಅಂತ ಜಯಕ್ಕ ಗಂಡನನ್ನು ಗದರಿದಳು. ಜನರೇಟರಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಕರ್ಪೂರ ಇಟ್ಟಳು. ಚಪ್ಪಟೆ ಜಾಗ ಅದೊಂದೇ ಇತ್ತಲ್ಲ. ಆಮೇಲೆ ಕಡ್ಡಿ ಗೀರಿದಳು.

ನಾನು ಸೀದಾ ನೀರಿಗೆ ಹಾರಿದೆ.

ಎದೆಮಟ್ಟದ ನೀರಲ್ಲಿ ಎದ್ದು ನಿಂತು ನೋಡಿದರೆ ಏನೂ ಆಗಿರಲಿಲ್ಲ. ಗಂಡ ಹೆಂಡತಿ ಭಕ್ತಿಯಿಂದ ಮಂಗಳಾರತಿ ತಗೊಳ್ಳುತ್ತಿದ್ದರು. ದೋಣಿ ಮಾತ್ರ ಸಮನಾಗಿ ನಿಂತಿತ್ತು.

“ಈಗ ಸರಿ ಐತೆ,” ಅಂದ ದ್ಯಾವಣ್ಣ. “ಭಾರ ಇದರದ್ದಲ್ಲ ಬುಡಿ ಸಾರ್. ಇದನ್ನೇ ಕೊಡಿ.”

ಅವತ್ತಿನಿಂದ ಯಾರಾದರೂ ಜನರೇಟರಿನ ತೂಕ ಕೇಳಿದರೆ ನಾನು ಹೊಟ್ಟೆ ಒಳಕ್ಕೆಳೆದುಕೊಂಡೇ ಉತ್ತರ ಹೇಳುವುದು.