ಕುಬ್ರಾ ಬೇಗಂ ಹಿಡಿದ ಮೀನುಗಳ್ಳ

ಮೊದಲೇ ಹೇಳಿಬಿಡುತ್ತೇನೆ, ಆ ಡಬ್ಬಿಯ ಮುಚ್ಚಳ ದಿನಾ ತೆಗೆಯುತ್ತಿದ್ದವನು ನಾನೇ. ನನ್ನ ಹೆಸರು ಗೌತಮ. ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ರಾಮಣ್ಣ ಸಾಹುಕಾರನ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಹೋಟೆಲಿನ ನಡುವೆ ದೊಡ್ಡ ಗಾಜಿನ ತೊಟ್ಟಿಯಲ್ಲಿ ಸಾಹುಕಾರ ಸಮುದ್ರವನ್ನೇ ತಂದು ಕೂರಿಸಿದ್ದ: ಉಪ್ಪುನೀರು, ಚೆನ್ನೈನಿಂದ ತರಿಸಿದ ಬಂಡೆ, ಹವಳ, ಬಣ್ಣಬಣ್ಣದ ಮೀನು. ಬೇಸಿಗೆಯಲ್ಲಿ ಅಡುಗೆಮನೆಯವರು ಬೆಂದು ಹೋಗುತ್ತಿದ್ದರೂ ಮೀನುಗಳಿಗೆ ಮಾತ್ರ ನೀರು ತಂಪು ಮಾಡುವ ಯಂತ್ರವಿತ್ತು.

ಆ ತೊಟ್ಟಿ ನೋಡಿಕೊಳ್ಳುತ್ತಿದ್ದವರು ಕುಬ್ರಾ ಬೇಗಂ, ಮಲ್ಲಟ ಎಂಬ ಹಳ್ಳಿಯ ಹೆಣ್ಣುಮಗಳು. ಗಂಡ ಅಲ್ಲಾಬಕ್ಷ್ ಸಾಕುವ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದರು. ತೊಟ್ಟಿಗೆ ತರಿಸಿದ ಬಂಡೆಗಳಲ್ಲಿ ಸಿಕ್ಕ ಹುಳಗಳನ್ನು ಸ್ಪಿರಿಟ್ ಬಾಟಲಿಯಲ್ಲಿಟ್ಟು ಹೆಂಡತಿಗೆ ಒಂದೊಂದರ ಗುರುತು ಕಲಿಸಿದ್ದರಂತೆ. ಅವರು ತೀರಿಕೊಂಡ ಮೇಲೆ ಅಂಗಡಿ ಮುಚ್ಚಿತು. ಕಲಿತದ್ದು ಉಳಿಯಿತು.

ಯುಗಾದಿ ಕಳೆದ ಮೇಲೆ ಮೀನುಗಳು ಒಂದೊಂದಾಗಿ ಕಾಣೆಯಾದವು. ಸತ್ತು ತೇಲಲಿಲ್ಲ, ಮುಳ್ಳೂ ಸಿಗಲಿಲ್ಲ. ಈಕೆಯೇ ಕದ್ದು ಮಾರುತ್ತಾಳೆ ಎಂದು ಸಾಹುಕಾರ ತೀರ್ಮಾನಿಸಿಬಿಟ್ಟ. ಅಂದಿನಿಂದ ಆಕೆ ಊಟದ ಡಬ್ಬಿ ಹಿಡಿದು ಮನೆಗೆ ಹೊರಟಾಗ ಗಿರಾಕಿಗಳ ಎದುರೇ, “ಡಬ್ಬಿ ತಗಿ ಗೌತಮ” ಎನ್ನುತ್ತಿದ್ದ. ನಾನು ತೆಗೆಯುತ್ತಿದ್ದೆ. ಒಳಗೆ ಅರ್ಧ ಜೋಳದ ರೊಟ್ಟಿ, ತಳಕ್ಕಂಟಿದ ಪುಂಡಿಪಲ್ಯ. ಯಾರೋ ಒಬ್ಬ ‘ಮೀನುಗಳ್ಳಿ’ ಎಂದು ನಕ್ಕ. ಆ ಹೆಸರು ಆಕೆಯ ಓಣಿಯವರೆಗೂ ಹೋಯಿತು. ಆದರೂ ನಾನು ಮುಚ್ಚಳ ತೆಗೆಯುವುದನ್ನು ಬಿಡಲಿಲ್ಲ. ಅಷ್ಟು ಹೇಡಿ ನಾನು.

“ಖಾಲಾ, ಈ ಕೆಲಸ ಬಿಟ್ಟುಬಿಡ್ರಿ” ಎಂದೆ ಒಮ್ಮೆ. ಚಿಕ್ಕಮ್ಮ ಎನ್ನುವ ಹಾಗೆ ಆಕೆಯನ್ನು ಖಾಲಾ ಎಂದೇ ಕರೆಯುತ್ತಿದ್ದೆ.

“ಈಗ ಬಿಟ್ರ ಕಳ್ಳಿ ಅನ್ನೋ ಹೆಸರು ಖಾಯಂ ಆಗ್ತದ. ಮೊದಲು ಕಳ್ಳನ್ನ ಹಿಡೀತೀನಿ.”

ಒಂದು ಶುಕ್ರವಾರ ಮಧ್ಯಾಹ್ನದ ಊಟದ ಹೊತ್ತು ಮುಗಿದು ಹೋಟೆಲಿನ ಬಾಗಿಲು ಹಾಕಿದಾಗ ಆಕೆ ತಮ್ಮ ಹಳೆಯ ಬುರ್ಖಾ ಹೊದಿಸಿ ತೊಟ್ಟಿಯನ್ನು ಕತ್ತಲು ಮಾಡಿದರು. ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿ ನನ್ನ ಕೈಗೆ ಕೊಟ್ಟರು. “ಮೀನು ತಿನ್ನೋ ಹುಳ ಬಂಡ್ಯಾಗ ಅಡಗಿರತದ. ಕೆಂಪು ಬೆಳಕಿಗೆ ಅದು ಹೆದರಂಗಿಲ್ಲ” ಎಂದು ಸಿಗಡಿ ತುಂಡನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರು.

ಮೊದಲು ಬೆರಳುದ್ದದ ಗುಲಾಬಿ ಹುಳಗಳು ಬಂದವು, ಎರಡೂ ಬದಿಗೆ ಬಿಳಿ ಕೂದಲು.

“ಇವೇ ಏನ್ರಿ?”

“ಅಲ್ಲಪಾ, ಇವು ಪಾಪದವು. ಮಿಕ್ಕಿದ್ದು ತಿಂದು ತೊಟ್ಟಿ ಸ್ವಚ್ಛ ಮಾಡ್ತಾವ. ಮುಟ್ಟಿದ್ರ ಕೂದಲ ಚುಚ್ಚತಾವ, ಅಷ್ಟ.”

ಬಹಳ ಹೊತ್ತಿನ ಮೇಲೆ ಬಂಡೆಯ ತೂತಿನಿಂದ ಹೆಬ್ಬೆರಳು ದಪ್ಪದ ತಲೆಯೊಂದು ಹೊರಬಂತು. ತಲೆಯ ಮೇಲೆ ಐದು ಸಣ್ಣ ಕೊಂಬು. ಮೈಯೆಲ್ಲ ನೀರಿಗೆ ಬಿದ್ದ ಎಣ್ಣೆಯಂತೆ ಬಣ್ಣಬಣ್ಣ. ದವಡೆ ಅಗಲಿಸಿ ಸಿಗಡಿ ಕಚ್ಚಿ ಒಳಗೆಳೆದುಕೊಂಡಿತು. 

“ಐದು ಕೊಂಬು ನೋಡಿದಿಲ್ಲ? ಇದ ಆ ಕಳ್ಳ.”

ಬಂಡೆಯನ್ನು ಬಕೆಟ್ಟಿಗೆ ಎತ್ತಿದರು. ಅಡಿಯ ತೂತಿನಲ್ಲಿ ಬಾಲ ಜೋತಾಡುತ್ತಿತ್ತು. ಎಳೆದರು, ಹುಳ ತುಂಡಾಯಿತು. ಮೊಳದುದ್ದದ ಬಾಲ ಕೈಯಲ್ಲಿ ಒದ್ದಾಡಿತು, ತಲೆ ಬಂಡೆಯೊಳಗೇ ಉಳಿಯಿತು. “ತಲಿ ಉಳಿದ್ರ ಬಾಲ ಮತ್ತ ಬೆಳೀತದ” ಎಂದರು ಆಕೆ. ಆಮೇಲೆ ಬಂಡೆಯನ್ನು ಎತ್ತಿ ತೊಟ್ಟಿಯಲ್ಲಿ ಇದ್ದ ಜಾಗದಲ್ಲೇ ಇಟ್ಟರು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದವನು ಆಗಲೂ ಮುಚ್ಚಿಕೊಂಡೆ, ಈ ಸಲ ಖುಷಿಯಿಂದ.

ಸಂಜೆ ಹೋಟೆಲು ತುಂಬಿತ್ತು. “ಡಬ್ಬಿ ತಗಿ ಗೌತಮ.”

“ಇವತ್ತ ಗೌತಮ ಬ್ಯಾಡ್ರಿ. ಸಾಹುಕಾರ್ರ, ನೀವ ತಗೀರಿ.”

ತೆಗೆದ. ಒಳಗಿದ್ದ ಹುಳದ ಬಾಲ ಸುರುಳಿ ಬಿಚ್ಚಿ ಅವನ ಬೆರಳಿಗೆ ಸುತ್ತಿಕೊಂಡಿತು. ಚೀರಿ ಕೈ ಕೊಡವಿದ, ಕುರ್ಚಿ ಉರುಳಿತು.

“ನಿಮ್ಮ ಮೀನುಗಳ್ಳನ್ನ ನೋಡ್ಕೋರಿ. ಮೀನು ತಿಂದದ್ದು ಅದು. ನಾ ತಿಂದದ್ದು ರೊಟ್ಟಿ.”

ಈ ಸಲ ಗಿರಾಕಿಗಳು ನಕ್ಕದ್ದು ಸಾಹುಕಾರನನ್ನು ನೋಡಿ. ಅವನು ತೊದಲುತ್ತ ಕೇಳಿದ: “ಹುಳ ಪೂರಾ ಬಂತಲ್ಲವಾ? ಒಳಗೇನೂ ಉಳದಿಲ್ಲಲ್ಲ?”

“ದಿನಾ ತಗದು ನೋಡೋ ಚಟ ನಿಮಗದಲ್ರೀ. ನೋಡ್ಕೋರಿ.”

ಡಬ್ಬಿ ತೊಳೆದುಕೊಂಡು ಹೊರಟುಹೋದರು. ಈಗ ಮಾನ್ವಿಯಲ್ಲಿ ಸಣ್ಣದೊಂದು ಬಣ್ಣದ ಮೀನಿನ ಅಂಗಡಿ ಇಟ್ಟಿದ್ದಾರೆ. ಇಲ್ಲಿ ಮೀನುಗಳು ಮತ್ತೆ ಒಂದೊಂದಾಗಿ ಕಾಣೆಯಾಗುತ್ತಿವೆ, ಸಾಹುಕಾರ ಗಾಜಿಗೆ ಮೂಗು ಹಚ್ಚಿ ಕೂರುತ್ತಾನೆ. ಮೀನುಗಳ ಬಗ್ಗೆ ನನಗೂ ಮರುಕವಿದೆ, ಅವೇನು ತಪ್ಪು ಮಾಡಿದ್ದವು? ಆದರೆ ಅವನ ಮುಖ ನೋಡಿದಾಗ ಮರುಕ ಮರೆತುಹೋಗುತ್ತದೆ. ಪ್ರತಿ ಶುಕ್ರವಾರ ಮಾನ್ವಿಯಿಂದ ಫೋನ್ ಬರುತ್ತದೆ.

“ಎಷ್ಟು ಮೀನು ಉಳದಾವಪಾ?”

“ಒಂದ, ಖಾಲಾ.”

“ಅದೂ ಹೋಗ್ಲಿ. ಆಮ್ಯಾಲ ಹೊಸ ಮೀನು ಬೇಕಂದ್ರ ಸಾಹುಕಾರ್ರಿಗೆ ನನ್ನ ನಂಬರ್ ಕೊಡು.”