ಬೇವಿನ ಮಡುವಿನ ಝುಮಕಿ

ಹಳ್ಳದ ಮರಳು ತೊಳೆದು ಚಿನ್ನದ ಹುಡಿ ಹುಡುಕುವುದು ಭೀಮವ್ವನ ಮನೆತನದ ಕಸುಬು. ದಿನವಿಡೀ ನೀರಲ್ಲಿ ಬಗ್ಗಿ ಮರದ ಮರಿಗೆ ಅಲ್ಲಾಡಿಸಿದರೆ ಸಂಜೆಗೆ ಸಾಸಿವೆಯಷ್ಟು ಹುಡಿ. ಅತ್ತೆ ಕಲಿಸಿದ ಕಟ್ಟು ಒಂದಿತ್ತು: ಹುಡಿ ಸಿಕ್ಕರೆ ತೊಳೆದವರದು, ಹೆಣ್ಣಿನ ಮೈಮೇಲಿದ್ದ ಒಡವೆ ಸಿಕ್ಕರೆ ಯಾರದೆಂದು ವಿಚಾರಿಸದೆ ಕರಗಿಸುವಂತಿಲ್ಲ.

ನಿಜಾಮನ ಆಳ್ವಿಕೆ ಮುಗಿದ ಮರು ಬೇಸಿಗೆಯಲ್ಲಿ ಅವಳ ಮರಿಗೆಗೆ ಒಂದು ಝುಮಕಿ ಬಿತ್ತು. ಒಂದೇ. ಬಿದ್ದದ್ದು ಬೇವಿನ ಮರದ ಮಡುವಿನಲ್ಲಿ. ಅಲ್ಲಿ ಏನೂ ಸಿಗದು, ಮೇಲಿನ ಹಳ್ಳದಲ್ಲೇ ತೊಳಿ ಎಂದು ಗಂಡ ಹುಲಗಪ್ಪ ಮಳೆಗಾಲದಿಂದ ಹೇಳುತ್ತಲೇ ಇದ್ದ. ಇವಳಿಗೋ ಬೇಡವೆಂದದ್ದರ ಮೇಲೇ ಕಣ್ಣು.

ಅರಸರ ಕಾಲದ್ದೇ ಇರಬೇಕೆಂದು ಹಿಗ್ಗಿ, ಗಂಡನಿಗೂ ಹೇಳದೆ, ಸೆರಗಿಗೆ ಗಂಟು ಹಾಕಿಕೊಂಡು ಸುರಪುರದ ಪತ್ತಾರ ಮಾನಪ್ಪನ ಅಂಗಡಿಗೆ ನಡೆದಳು. ಅವನು ಝುಮಕಿಯ ಟೊಳ್ಳಿನಲ್ಲಿದ್ದ ಅರಗನ್ನು ಸೂಜಿಯಿಂದ ಕೆರೆದ.

“ಒಡವಿ ನೂರು ವರ್ಷದ್ದು. ಅರಗು ಹೊಸಾದು. ಹಳಿ ಅರಗಾದ್ರ ಕರ್ರಗಾಗಿ ಪುಡಿ ಆಗ್ತದ. ಇದು ಇನ್ನಾ ಕೆಂಪದ ನೋಡು. ನಾನೇ ತುಂಬೀನಿ.” ಅವನ ದನಿ ಇಳಿಯಿತು. “ನಿಮ್ಮೂರ ಚಾಂದಬೀದು. ಅಕಿ ಅಜ್ಜಿ ಕಾಲದ್ದು. ಹ್ವಾದ ವರ್ಷ ದುರಸ್ತಿಗೆ ತಂದಿದ್ಲು.”

ಚಾಂದಬೀಯ ಗಂಡ ಜಲಾಲುದ್ದೀನ, ನಿಜಾಮನ ಆಳ್ವಿಕೆ ಬಿದ್ದಾಗಿನ ಕೊಲೆ ಸುಲಿಗೆಯ ಗದ್ದಲದ ವಾರ ಊರು ಬಿಟ್ಟವನು ಮರಳಿರಲಿಲ್ಲ. ಅದೇ ವಾರ ಒಂದು ನಸುಕಿನಲ್ಲಿ ಹುಲಗಪ್ಪ ತೊಯ್ದ ಧೋತರದಲ್ಲಿ, ಸಲಿಕೆ ಹಿಡಿದು ಮನೆಗೆ ಬಂದಿದ್ದ. ಕೇಳಿದರೆ ಬಾಯಿ ಬಿಟ್ಟಿರಲಿಲ್ಲ. ಬೇವಿನ ಮಡು ಬೇಡವೆಂದು ಅವನು ಯಾಕೆ ಹೇಳುತ್ತಿದ್ದನೆಂದು ಭೀಮವ್ವನಿಗೆ ಈಗ ಹೊಳೆಯಿತು. ಝುಮಕಿಯನ್ನು ಮತ್ತೆ ಮಡುವಿಗೆ ಎಸೆಯುವಂತೆಯೂ ಇರಲಿಲ್ಲ, ಮಾನಪ್ಪ ನೋಡಿಬಿಟ್ಟಿದ್ದ.

ಚಾಂದಬೀಯ ಮನೆಗೆ ಹೋಗಿ ಅದನ್ನು ಅವಳ ಮುಂದಿಟ್ಟಳು. ಚಾಂದಬೀ ಅಳಲಿಲ್ಲ. ಬಂಗಾರ ಮುಟ್ಟಲೂ ಇಲ್ಲ. ಭೀಮವ್ವನ ಎರಡೂ ಕೈ ಹಿಡಿದಳು.

“ಊರು ಬಿಡೂ ಮುಂದ ಜೋಡಿ ಝುಮಕಿ ನಮ್ಮವರ ಸೊಂಟದಾಗ ಕಟ್ಟಿದ್ದೆ. ಎಲ್ಲಿ ಸಿಕ್ತವ್ವಾ? ಒಡವಿ ನೀನೇ ಇಟಗೋ. ಜಾಗಾ ತೋರ್ಸು, ಸಾಕು. ಎಲುಬು ಸಿಕ್ರ ಮಣ್ಣರ ಕೊಡ್ತೀನಿ.”

ಮನೆಯಲ್ಲಿ ಮೂರು ಮಕ್ಕಳು, ಮತ್ತು ಆ ಗಂಡ. ಭೀಮವ್ವನ ಬಾಯಲ್ಲಿ ಅವನ ಮಾತೇ ಬಂತು.

“ಮ್ಯಾಲಿನ ಹಳ್ಳದಾಗ.”

ಮರುದಿನವೇ ಚಾಂದಬೀ ಗುದ್ದಲಿ ಹಿಡಿದು ಮೇಲಿನ ಹಳ್ಳಕ್ಕೆ ಬಂದಳು. ಬೇಸಿಗೆ ಬೇಸಿಗೆಗೂ ಬಂದಳು. ಹೈದರಾಬಾದ್ ಒಡೆದು ಸುರಪುರ ಮೈಸೂರಿಗೆ ಸೇರಿದ ವರ್ಷವೂ ಬಂದಳು. ಅವಳು ಅಗೆದ ಪ್ರತಿ ಬುಟ್ಟಿಯನ್ನೂ ಭೀಮವ್ವನೇ ತೊಳೆಯಬೇಕು. ಮರಳನ್ನು ಅಷ್ಟು ಚೊಕ್ಕವಾಗಿ ತೊಳೆಯುವ ಕೈ ಊರಲ್ಲಿ ಇನ್ನೊಂದಿರಲಿಲ್ಲ. ಝುಮಕಿ ಸೆರಗಿನ ಗಂಟಿನಲ್ಲೇ ಉಳಿಯಿತು. ಹುಲಗಪ್ಪ ಸತ್ತ. ಈಗಲಾದರೂ ಹೇಳಿಬಿಡಬೇಕೆಂದುಕೊಂಡಳು. ಅಷ್ಟರಲ್ಲಿ ಎಂಟು ಬೇಸಿಗೆ ಕಳೆದಿದ್ದವು. ಯಾವ ಮುಖ ಹೊತ್ತು ಹೇಳುವುದು?

“ನೀ ಇಲ್ಲಂದ್ರ ನನಗ ಯಾರವ್ವಾ?” ಎಂದು ಚಾಂದಬೀ ಮಧ್ಯಾಹ್ನಕ್ಕೆ ತನ್ನ ರೊಟ್ಟಿ ಮುರಿದು ಅರ್ಧ ಕೊಡುತ್ತಿದ್ದಳು. ಭೀಮವ್ವ ತಿನ್ನುತ್ತಿದ್ದಳು.